ಸಹಿ ಹಾಕದ ಹನ್ನೊಂದು ಮಂದಿ

ಎಲೋಯ್ಡಾ ಪ್ರೊವೆನ್ಸಿಯೊ ಹತ್ತೊಂಬತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಚಾಂಬೆರಿನೊದಿಂದ ಲಾಸ್ ಕ್ರೂಸೆಸ್‌ವರೆಗೆ, ನದಿಯ ಉದ್ದಕ್ಕೂ ಇರುವ ಊರುಗಳಲ್ಲಿ ಮೂವತ್ತರೊಳಗಿನ ಯಾರನ್ನು ಕೇಳಿದರೂ ಅವಳ ಬೈಗುಳ ತಿಂದು ಬೆಳೆದವರೇ. ಸೀಟು ಬಿಟ್ಟು ಎದ್ದರೆ ಬಸ್ಸನ್ನು ಅಲ್ಲೇ ರಸ್ತೆಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಕೈಕಟ್ಟಿ ಕೂತುಬಿಡುತ್ತಿದ್ದಳು. ಮಕ್ಕಳು ತಾವಾಗಿಯೇ ಕೂರುವವರೆಗೂ ಚಕ್ರ ಒಂದು ಸುತ್ತೂ ಉರುಳುತ್ತಿರಲಿಲ್ಲ.

ಬಸ್ಸಿನ ಕೆಲಸದಿಂದ ನಿವೃತ್ತಳಾದ ಮೇಲೆ ಮನೆಯಲ್ಲಿ ಕೂರುವುದು ಅವಳಿಂದಾಗಲಿಲ್ಲ. ಕೀನೊ ಆರ್ಚುಲೆಟಾ ಕರೆದ. ಮೊದಲು ಈರುಳ್ಳಿ ಬೆಳೆಯುತ್ತಿದ್ದ ಕೀನೊ, ನ್ಯೂ ಮೆಕ್ಸಿಕೊ ರಾಜ್ಯ ಸರ್ಕಾರ ಗಾಂಜಾ ಬೆಳೆಯಲು ಪರವಾನಗಿ ಕೊಡತೊಡಗಿದ ಮೇಲೆ ತನ್ನ ಈರುಳ್ಳಿ ಕೊಟ್ಟಿಗೆಯ ಪಕ್ಕದಲ್ಲೇ ಎರಡು ಹಸಿರುಮನೆ ಎಬ್ಬಿಸಿದ್ದ. ಅವನ ಮಗಳನ್ನು ಜ್ಞಾನಸ್ನಾನದ ಹೊತ್ತು ಎತ್ತಿಕೊಂಡವಳು ಎಲೋಯ್ಡಾ. ಹಾಗಾಗಿ ಕೀನೊಗೆ ಅವಳು ‘ಕೊಮಾದ್ರೆ’. ಮಗಳಿಗೆ ಎರಡನೇ ತಾಯಿಯಾದವಳು, ಒಡಹುಟ್ಟಿದವಳಿಗಿಂತ ಒಂದು ತೂಕ ಹೆಚ್ಚು.

“ಕೊಮಾದ್ರೆ, ನಂಗೆ ಗಾಡಿ ಓಡಿಸೋರು ಬೇಕು. ಕುಡಿಯದೋರು, ಸೇದದೋರು, ಬಾಯಿಗೆ ಬಂದದ್ದು ಹೇಳದೋರು.”

“ಮೊದಲನೇ ಎರಡಕ್ಕೆ ನಾನು ಸರಿ,” ಅಂದಳು ಎಲೋಯ್ಡಾ.

ಕೆಲಸ ಸರಳ. ಪ್ರತಿ ಕೊಯ್ಲಿನಿಂದ ಒಂದಿಷ್ಟು ಗ್ರಾಂ ಹೂವನ್ನು ಪೊಟ್ಟಣಕ್ಕೆ ಹಾಕಿ, ಮೊಹರು ಒತ್ತಿ, ಆಲ್ಬುಕರ್ಕಿಯ ಪ್ರಯೋಗಾಲಯಕ್ಕೆ ಒಯ್ದು ಕೊಡುವುದು. ಅಲ್ಲಿ ಬೂಷ್ಟು, ಕೀಟನಾಶಕ ಎಲ್ಲ ನೋಡಿ ಸರ್ಟಿಫಿಕೇಟು ಕೊಟ್ಟರೆ ಮಾತ್ರ ಅಂಗಡಿಗೆ ಮಾರಬಹುದು. ಅದು ರಾಜ್ಯದ ರಾಜಧಾನಿ ಸಾಂಟಾ ಫೆಯ ಕಾನೂನು. ದಕ್ಷಿಣದಲ್ಲಿ ಅಂಥ ಪ್ರಯೋಗಾಲಯ ಇರಲಿಲ್ಲ. ಉತ್ತರಕ್ಕೆ ಹೋಗುವ ಹೆದ್ದಾರಿ ಒಂದೇ, ಅದರ ಮಧ್ಯದಲ್ಲಿ ಫೆಡರಲ್, ಅಂದರೆ ಕೇಂದ್ರ ಸರ್ಕಾರದ ತನಿಖಾ ಠಾಣೆ. ಗಡಿ ದಾಟಿ ಬಂದವರನ್ನು ಹಿಡಿಯಲು ಕಟ್ಟಿದ್ದು ಅದು, ಗಡಿಯಿಂದ ಎಷ್ಟೋ ಮೈಲಿ ಒಳಗೆ. ವಾಷಿಂಗ್ಟನ್ನಿನ ಕಾನೂನಿನಲ್ಲಿ ಗಾಂಜಾ ಇನ್ನೂ ಅಪರಾಧವೇ. ಆದರೂ ಎರಡು ವರ್ಷ ಅಲ್ಲಿನ ಹಸಿರು ಅಂಗಿಯವರು ಎಲೋಯ್ಡಾಳ ಬಿಳಿ ವ್ಯಾನನ್ನು ನೋಡಿ ‘ಹೋಗಿ ಹೋಗಿ’ ಎಂದು ಕೈಬೀಸುತ್ತಲೇ ಇದ್ದರು. ಅವರ ವಾಸನೆ ಹಿಡಿಯುವ ನಾಯಿ ಬಾಲ ಅಲ್ಲಾಡಿಸಿದರೂ ಯಾರೂ ಕೇಳುತ್ತಿರಲಿಲ್ಲ.

ಮಾರ್ಚಿನ ಒಂದು ಮಂಗಳವಾರ, ದೂಳುಗಾಳಿ ಏಳುವ ಮೊದಲೇ ಹೋಗಿಬಿಡೋಣವೆಂದು ಹೊರಟ ದಿನ, ಕೈಬೀಸುವ ಬದಲು ಪಕ್ಕಕ್ಕೆ ನಿಲ್ಲಿಸಲು ಹೇಳಿದರು. ಹೇಳಿದವನು ಟೊಪ್ಪಿ ಎತ್ತಿ ಕಿಟಕಿಯೊಳಗೆ ಬಗ್ಗಿ ನೋಡಿದ.

“ಮಿಸೆಸ್ ಪ್ರೊವೆನ್ಸಿಯೊ? ನೀವಾ?”

ಅವಳು ಕಣ್ಣು ಕಿರಿದು ಮಾಡಿದಳು. “ಎಫ್ರೆನ್ ಲುಹಾನ್! ಮೂರನೇ ಸೀಟು, ಎಡಗಡೆ. ಸೋಮವಾರ ಸೋಮವಾರ ವಾಂತಿ ಮಾಡ್ತಿದ್ದೋನು.”

“ಅದನ್ನ ಇಲ್ಲಿ ಹೇಳ್ಬೇಡಿ, ಮಿಸೆಸ್.” ಹಿಂದೆ ನಿಂತಿದ್ದ ಜೊತೆಯವರ ಕಡೆ ಅವನು ಒಮ್ಮೆ ತಿರುಗಿ ನೋಡಿದ. “ಹಿಂದುಗಡೆ ಏನಿದೆ?”

“ನಿಂಗೂ ಗೊತ್ತು, ನಿನ್ನ ನಾಯಿಗೂ ಗೊತ್ತು. ಗಾಂಜಾ. ಹದಿನಾಲ್ಕು ಪೊಟ್ಟಣ. ಕಾಗದ ಇಲ್ಲಿದೆ, ಸರ್ಕಾರದ ಮೊಹರು ನೋಡ್ಕೋ.”

“ಯಾವ ಸರ್ಕಾರದ್ದು?”

“ನಿಂದೇ ಕಣೋ. ನೀನು ಹುಟ್ಟಿದ್ದು ಇಲ್ಲೇ ವಾದೊದಲ್ಲಿ ಅಲ್ವಾ?”

“ಹುಟ್ಟಿದ್ದು ವಾದೊದಲ್ಲೇ. ಸಂಬಳ ಕೊಡೋದು ವಾಷಿಂಗ್ಟನ್.” ಅವನ ದನಿ ಇಳಿಯಿತು. “ಮೇಲಿಂದ ಹೊಸ ಆರ್ಡರ್ ಬಂದಿದೆ. ಸಿಕ್ಕಿದ್ದನ್ನೆಲ್ಲ ತಗೋಬೇಕಂತೆ. ಇಳೀರಿ, ದಯವಿಟ್ಟು.”

ಹದಿನಾಲ್ಕು ಪೊಟ್ಟಣವನ್ನೂ ತೆಗೆದು ಮೇಜಿನ ಮೇಲೆ ಸಾಲಾಗಿ ಜೋಡಿಸಿ ಫೋಟೊ ಹಿಡಿದರು. ಆಮೇಲೆ ಎಫ್ರೆನ್ ಒಂದು ಕಾಗದ ತಂದು ಮುಂದಿಟ್ಟ. ‘ಈ ವಸ್ತುಗಳನ್ನು ನಾನು ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿದ್ದೇನೆ. ಇವುಗಳ ಮೇಲೆ ನನಗೆ ಯಾವ ಹಕ್ಕೂ ಇಲ್ಲ.’ ಕೆಳಗೆ ಒಂದು ಗೆರೆ.

ಎಲೋಯ್ಡಾ ಅದನ್ನು ಎರಡು ಸಲ ಓದಿದಳು. “ಸ್ವಇಚ್ಛೆಯಿಂದ ಅಂದ್ರೇನಪ್ಪ?”

“ಅಂದ್ರೆ... ನೀವಾಗೇ ಕೊಟ್ರಿ ಅಂತ.”

“ನಾನು ಕೊಟ್ನಾ?”

ಎಫ್ರೆನ್ ಪೆನ್ನನ್ನು ಅವಳ ಕಡೆ ಇನ್ನಷ್ಟು ಸರಿಸಿದ.

“ನೀವು ಕಿತ್ಕೊಂಡ್ರಿ. ಕಿತ್ಕೊಂಡಿದ್ದೀವಿ ಅಂತ ಬರಿ, ಈಗಲೇ ಸಹಿ ಹಾಕ್ತೀನಿ.”

ಠಾಣೆಯ ಮೇಲಧಿಕಾರಿ ಹಾಲ್ವರ್ಸನ್ ಒಳಗಿನಿಂದ ಬಂದ. ಎಲ್ಲೋ ಉತ್ತರದ ಹಿಮದ ನಾಡಿನಿಂದ ಬಂದ ಎತ್ತರದ ಮನುಷ್ಯ. ಇಲ್ಲಿನ ಬಿಸಿಲಿಗೆ ಅವನ ಮೂಗಿನ ಸಿಪ್ಪೆ ಏಳುತ್ತಿತ್ತು. ಗದರಿಸಲಿಲ್ಲ, ಸಮಾಧಾನವಾಗಿಯೇ ಹೇಳಿದ:

“ನೋಡಿ ಅಮ್ಮ, ಸಹಿ ಹಾಕಿದ್ರೆ ಹತ್ತು ನಿಮಿಷದಲ್ಲಿ ಹೋಗ್ಬಹುದು. ಇಲ್ಲದಿದ್ರೆ ತುಂಬಾ ಹೊತ್ತಾಗುತ್ತೆ.”

“ಆಗ್ಲಿ. ನಂಗೇನು ಅವಸರ? ಒಯ್ದು ಕೊಡೋಕೆ ಕೈಯಲ್ಲಿ ಏನೂ ಉಳಿದಿಲ್ವಲ್ಲ.”

ಐದು ಗಂಟೆ ಕೂರಿಸಿದರು. ಹತ್ತೂ ಬೆರಳಿನ ಗುರುತು ತೆಗೆದುಕೊಂಡರು. ತಂದಿದ್ದ ಹಸಿಮೆಣಸಿನ ಬುರ್ರಿಟೊ ವ್ಯಾನಿನಲ್ಲೇ ಉಳಿದಿತ್ತು, ತಿನ್ನಲು ಬಿಡಲಿಲ್ಲ. ಮಧ್ಯಾಹ್ನ ಮೂರಕ್ಕೆ ಖಾಲಿ ವ್ಯಾನು ಕೊಟ್ಟು ಕಳಿಸಿದಾಗ ಕಾಗದದ ಗೆರೆಯ ಮೇಲೆ ಏನೂ ಇರಲಿಲ್ಲ.

*

ಎಲೋಯ್ಡಾ ಮನೆಗೆ ಬಂದರೆ ನೇರ ಒಳಗೆ ಹೋಗುವಂತಿರಲಿಲ್ಲ. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಬಟ್ಟೆ ಬದಲಾಯಿಸಿ, ಕೆಲಸದ ಬಟ್ಟೆಯನ್ನು ಮುಚ್ಚಳದ ಬಕೆಟ್ಟಿಗೆ ಹಾಕಿ, ಕೈಕಾಲು ತೊಳೆದೇ ಅಡಿಗೆಮನೆಗೆ ಕಾಲಿಡಬೇಕು. ಗಂಡ ರಾಮಿರೊ ಮಾಡಿದ ನಿಯಮ ಅದು. ಅವನು ಗುಡ್ಡದಾಚೆಯ ಕ್ಷಿಪಣಿ ನೆಲೆಯಲ್ಲಿ ಇಪ್ಪತ್ತಾರು ವರ್ಷದಿಂದ ನೀರಿನ ಪೈಪಿನ ಕೆಲಸ ಮಾಡುತ್ತಿದ್ದ. ಅದು ಫೆಡರಲ್ ನೌಕರಿ. ಯಾವ ದಿನ ಬೇಕಾದರೂ ಮೂತ್ರ ಪರೀಕ್ಷೆಗೆ ಕರೆಯುತ್ತಿದ್ದರು. ಊರಿನ ಮೂಲೆಮೂಲೆಯ ಅಂಗಡಿಯಲ್ಲಿ ಬಿಯರಿನಂತೆ ಮಾರುತ್ತಿದ್ದ ವಸ್ತುವಿನ ವಾಸನೆ ಅಂಗಿಗೆ ತಾಗಿದರೂ ಅವನಿಗೆ ಎದೆ ಡವಗುಟ್ಟುತ್ತಿತ್ತು. ನಿವೃತ್ತಿಗೆ ಇನ್ನು ಹದಿನಾರು ತಿಂಗಳಿತ್ತು.

ಬೆರಳಿನ ಗುರುತಿನ ಸುದ್ದಿ ಕೇಳಿ ಅವನು ಚಮಚ ಕೆಳಗಿಟ್ಟ.

“ಬೇಡ ಎಲೋಯ್ಡಾ, ಇಲ್ಲಿಗೆ ಬಿಡು.”

“ಯಾಕೆ ಬಿಡ್ಲಿ? ಕದ್ದು ಒಯ್ದಿದ್ನಾ?”

“ಅವರ ಪುಸ್ತಕದಲ್ಲಿ ಕಳ್ಳಮಾಲೇ.”

“ನಮ್ಮ ಪುಸ್ತಕದಲ್ಲಿ ಅಲ್ಲ.”

“ಅವರ ಪುಸ್ತಕ ದೊಡ್ಡದು ಕಣೇ! ನಿನ್ನ ಸಾಂಟಾ ಫೆಯವರು ಕಾಗದ ಕೊಟ್ಟು ಕಳಿಸ್ತಾರೆ, ಹಿಡಿದಾಗ ಬಿಡಿಸೋಕೆ ಒಬ್ಬನೂ ಬರಲ್ಲ. ನಾಳೆ ನನ್ನ ಕರೆದು, ನಿನ್ನ ಹೆಂಡ್ತಿ ಏನು ಕೆಲಸ ಮಾಡ್ತಾಳೆ ಅಂದ್ರೆ ಏನನ್ಲಿ?”

“ಡ್ರೈವರು ಅನ್ನು.”

“ತಮಾಷೆ ಮಾಡ್ಬೇಡ.”

“ತಮಾಷೆ ಅಲ್ಲ ರಾಮಿರೊ. ಒಂದು ಸರ್ಕಾರ, ಪರೀಕ್ಷೆ ಮಾಡಿಸದೆ ಮಾರಿದ್ರೆ ಪರವಾನಗಿ ರದ್ದು ಅನ್ನುತ್ತೆ. ಇನ್ನೊಂದು, ಪರೀಕ್ಷೆಗೆ ಒಯ್ದ್ರೆ ಹಿಡೀತೀನಿ ಅನ್ನುತ್ತೆ. ಅವರಿಬ್ಬರ ಜಗಳ ಅವರು ಬಗೆಹರಿಸ್ಕೊಳ್ಳದೆ ನಡುವೆ ನನ್ನ ಹತ್ರ ‘ತಪ್ಪಾಯ್ತು’ ಅಂತ ಬರೆಸ್ಕೋತಾರಲ್ಲ, ಅದು ನಂಗೆ ಆಗಲ್ಲ. ಮಾಲು ತಗೊಂಡು ಹೋಗ್ಲಿ, ಹಾಳಾಗಿಹೋಗ್ಲಿ. ತಪ್ಪು ಮಾತ್ರ ಒಪ್ಪಲ್ಲ.”

ರಾಮಿರೊ ತಟ್ಟೆ ಎತ್ತಿಕೊಂಡು ಹೊರಗೆ ಜಗಲಿಗೆ ಹೋಗಿ ಕೂತ. ಆ ವಾರವೆಲ್ಲ ಅವರಿಬ್ಬರ ನಡುವೆ ಉಪ್ಪು ಕೊಡು, ನೀರು ಕೊಡು ಅನ್ನುವಷ್ಟೇ ಮಾತು.

*

ಅವಳೊಬ್ಬಳೇ ಅಲ್ಲ ಎಂದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಎರಡು ವಾರದಲ್ಲಿ ಕಣಿವೆಯ ಒಂಬತ್ತು ಜನ ಬೆಳೆಗಾರರ ಮಾಲು ಅದೇ ಮೇಜಿನ ಮೇಲೆ ಸಾಲಾಗಿ ಕೂತಿತ್ತು. ಅವಳೊಬ್ಬಳನ್ನು ಬಿಟ್ಟು ಎಲ್ಲರೂ ಸಹಿ ಹಾಕಿ ಬಂದಿದ್ದರು, ಬೇಗ ಬಿಡಲಿ ಎಂದು.

ಕೀನೊನ ಈರುಳ್ಳಿ ಕೊಟ್ಟಿಗೆಯಲ್ಲಿ ಒಂದು ಭಾನುವಾರ ಇಗರ್ಜಿಯ ಪೂಜೆ ಮುಗಿದ ಮೇಲೆ ಸಭೆ ಸೇರಿತು. ಖಾಲಿ ಪೆಟ್ಟಿಗೆಗಳನ್ನು ಬೋರಲು ಹಾಕಿ ಇಪ್ಪತ್ತು ಜನ ಕೂತರು. ಕೀನೊನ ಎರಡನೇ ಹಸಿರುಮನೆಯ ಕೊಯ್ಲು ಒಣಗಿ ಪರೀಕ್ಷೆಗೆ ಕಾದಿತ್ತು. ಗಡುವು ಮೀರಿದರೆ ಎಲ್ಲ ಗೊಬ್ಬರದ ಗುಂಡಿಗೆ. ಶುಕ್ರವಾರ ಸಾಂಟಾ ಫೆಯ ಕಚೇರಿಗೆ ಫೋನು ಮಾಡಿದ್ದಾಗ ಸಿಕ್ಕ ಉತ್ತರವನ್ನು ಅವನು ಅಲ್ಲಿ ಫೋನೆತ್ತಿದ ಹೆಂಗಸಿನ ದನಿಯಲ್ಲೇ ಅನುಕರಿಸಿ ತೋರಿಸಿದ: “ನಿಮ್ಮ ಕಷ್ಟ ನಮಗೆ ಅರ್ಥ ಆಗುತ್ತೆ ಸರ್. ಆದ್ರೆ ಪರೀಕ್ಷೆ ಆಗದೆ ಒಂದು ಗ್ರಾಮೂ ಮಾರೋ ಹಾಗಿಲ್ಲ ಸರ್.”

“ಅರ್ಥ ಆಗುತ್ತಂತೆ!” ಯಾರೋ ಉಗಿದರು.

ಪಶ್ಚಿಮಕ್ಕೆ ಸುತ್ತಿ, ಗುಡ್ಡದ ಹಳೆ ರಸ್ತೆ ಹಿಡಿದರೆ ಠಾಣೆ ತಪ್ಪಿಸಬಹುದು ಎಂದು ಒಬ್ಬ ಹೇಳಿದ. ಗೋಧಿಹಿಟ್ಟಿನ ಲಾರಿಯಲ್ಲಿ ಮುಚ್ಚಿಟ್ಟು ಒಯ್ಯೋಣ ಎಂದು ಇನ್ನೊಬ್ಬ.

ಎಲೋಯ್ಡಾ ಎದ್ದು ನಿಂತಳು. “ಅದೊಂದು ಮಾಡ್ಬೇಡಿ. ಇಲ್ಲೀತನಕ ನಾವು ಏನೂ ಬಚ್ಚಿಟ್ಟಿಲ್ಲ. ಇವತ್ತು ಹಿಟ್ಟಿನೊಳಗೆ ಬಚ್ಚಿಟ್ರೆ ಅವರು ನಮ್ಮ ಬಗ್ಗೆ ಹೇಳ್ತಿರೋದೇ ನಿಜ ಆಗೋಗುತ್ತೆ. ಹೋಗೋದಾದ್ರೆ ಅದೇ ರಸ್ತೇಲಿ, ಹಗಲು ಹತ್ತು ಗಂಟೆಗೆ, ಎಲ್ರೂ ಒಟ್ಟಿಗೆ. ಬರ್ತೀವಿ ಅಂತ ಮೊದಲೇ ಕಾಗದ ಬರೆದು ಹೋಗೋಣ. ಒಂದೊಂದು ಗಾಡೀಲಿ ಒಂದೊಂದೇ ಪೊಟ್ಟಣ.”

“ಒಂದೊಂದೇ ಯಾಕೆ?”

“ಒಬ್ಬೊಬ್ಬರಿಗೂ ಅವರು ಬೇರೆ ಬೇರೆ ಕಾಗದ ಬರೀಬೇಕಲ್ಲ.”

ಮೂಲೆಯಿಂದ ಎರ್ಲಿಂಡಾ ಸೌಸೆದೊ ನಗತೊಡಗಿದಳು. ಎಪ್ಪತ್ತಾರು ವರ್ಷದ ನಿವೃತ್ತ ಟೀಚರು, ಗುಲಾಬಿ ಬೆಳೆದು ಮಾರುತ್ತಿದ್ದವಳು, ಈಗ ಗುಲಾಬಿಯ ಪಕ್ಕದಲ್ಲಿ ಇದನ್ನೂ ಬೆಳೆಯುತ್ತಿದ್ದಳು. “ನನ್ನ ಹೆಸರು ಮೊದಲು ಬರ್ಕೊಳ್ಳಿ,” ಅಂದಳು. “ಈ ವಯಸ್ಸಲ್ಲಿ ನನ್ನ ಜೈಲಿಗೆ ಹಾಕಿದ್ರೆ ಗುಳಿಗೆ ಕೊಡೋದ್ರಲ್ಲೇ ಅವರು ದಿವಾಳಿ ಆಗ್ತಾರೆ.”

ಒಬ್ಬ ವಕೀಲನನ್ನು ಕೇಳಿದರು. ಅವನು ನೇರವಾಗಿಯೇ ಹೇಳಿದ: ಫೆಡರಲ್ ಕಾನೂನು ಬಿಗಿಯಾಗಿ ಹಿಡಿದರೆ ಜೈಲೂ ಆಗಬಹುದು. ಹಿಡಿಯಲಾರರು ಎಂದು ತನಗನಿಸುತ್ತದೆ, ಆದರೆ ತನಗನಿಸಿದ್ದರ ಮೇಲೆ ಯಾರೂ ಗಾಡಿ ಓಡಿಸಬಾರದು. ಆ ಮಾತು ಕೇಳಿ ಒಂಬತ್ತು ಜನ ಹಿಂದೆ ಸರಿದರು. ಅವರನ್ನು ಯಾರೂ ಹೀಯಾಳಿಸಲಿಲ್ಲ. ಉಳಿದವರು ಹನ್ನೊಂದು.

*

ಏಪ್ರಿಲ್ ಎರಡನೇ ಗುರುವಾರ. ಹೊರಡುವಾಗ ರಾಮಿರೊ ಜಗಲಿಯಲ್ಲಿ ನಿಂತಿದ್ದ. ಹೋಗಬೇಡ ಅನ್ನಲಿಲ್ಲ, ಹೋಗಿ ಬಾ ಎಂದೂ ಅನ್ನಲಿಲ್ಲ. “ಹಿಂದಿನ ಟೈರಲ್ಲಿ ಗಾಳಿ ಕಮ್ಮಿ ಇತ್ತು, ತುಂಬಿಸಿದ್ದೀನಿ,” ಎಂದು ಹೇಳಿ ಒಳಗೆ ಹೋದ.

ಮುಂದೆ ಎಲೋಯ್ಡಾಳ ಬಿಳಿ ವ್ಯಾನು. ಅದರ ಹಿಂದೆ ಕೀನೊನ ಪಿಕಪ್ಪು. ಮೂರನೆಯದು ಎರ್ಲಿಂಡಾಳ ಗುಲಾಬಿ ಬಣ್ಣದ ಹೂವಿನ ಗಾಡಿ. ಹನ್ನೊಂದನೆಯದು ಯಾರದೋ ಬಾಡಿಗೆ ಕಾರು. ಕಣಿವೆಯ ಪೆಕಾನ್ ತೋಟಗಳು ಹಿಂದೆ ಸರಿದು, ಬೋಳು ಬಯಲು ತೆರೆದುಕೊಂಡು, ಗಾಳಿ ವ್ಯಾನನ್ನು ಪಕ್ಕಕ್ಕೆ ನೂಕುತ್ತಿತ್ತು. ಹತ್ತೊಂಬತ್ತು ವರ್ಷ ಅರುವತ್ತು ಮಕ್ಕಳನ್ನು ಬೆನ್ನ ಹಿಂದೆ ಕೂರಿಸಿಕೊಂಡು ಓಡಿಸಿದಾಗಲೂ ಎಲೋಯ್ಡಾ ಇಷ್ಟು ಸಲ ಕನ್ನಡಿ ನೋಡಿರಲಿಲ್ಲ. ಹಿಂದೆ ಬರುತ್ತಿರುವ ಹತ್ತು ಜನ ತನ್ನ ಮಾತು ಕೇಳಿ ಬಂದವರು.

ಠಾಣೆಯ ಚಪ್ಪರದ ಕೆಳಗೆ ಎಫ್ರೆನ್ ನಿಂತಿದ್ದ. ಸಾಲನ್ನು ನೋಡಿ ತಲೆಗೆ ಕೈಹಚ್ಚಿದ. “ಇವತ್ತು ರಜ ಹಾಕ್ಬೇಕಿತ್ತು ನಾನು.”

“ಕಾಗದ ಬರೆದಿದ್ವಲ್ಲ, ಓದಿಲ್ವಾ? ಒಂದು ಪೊಟ್ಟಣ ಇದೆ, ಏಳು ಗ್ರಾಂ. ಇದು ಪರವಾನಗಿ, ಇದು ಸಾಗಣೆ ಚೀಟಿ, ಇದು ನನ್ನ ಲೈಸೆನ್ಸು. ಹಿಂದೆ ಇನ್ನೂ ಹತ್ತು ಜನ ಇದ್ದಾರೆ, ಅವರ ಹತ್ರನೂ ಇಷ್ಟೇ ಇದೆ.”

ಹತ್ತು ನಿಮಿಷದಲ್ಲಿ ಪಕ್ಕದ ಅಂಗಳ ತುಂಬಿಹೋಯಿತು. ಅಲ್ಲಿಗೆ ಆರೇ ಗಾಡಿ ಹಿಡಿಯುವುದು. ಉಳಿದ ಐದು ದಾರಿಯಲ್ಲೇ ನಿಂತವು. ಹಾಲ್ವರ್ಸನ್ ಒಳಗೆ ಹೋಗಿ ಫೋನು ಹಿಡಿದವನು ಹೊರಗೆ ಬರಲಿಲ್ಲ. ಅವರ ಹಿಂದೆ ಹೆದ್ದಾರಿಯ ಸಾಲು ಒಂದು ಮೈಲಿ, ಎರಡು ಮೈಲಿ, ಮೂರು ಮೈಲಿ ಬೆಳೆಯಿತು. ಹಾರನ್ನಿನ ಸದ್ದು ಗಾಳಿಯ ಜೊತೆ ಬಂದು ಬಂದು ಬಡಿಯುತ್ತಿತ್ತು.

ಲೆಟ್ಯೂಸ್ ಸೊಪ್ಪು ತುಂಬಿದ ಲಾರಿಯ ಡ್ರೈವರು ನಡೆದುಕೊಂಡೇ ಬಂದು ಎಲೋಯ್ಡಾಳ ಮುಂದೆ ನಿಂತ. “ನಿಮ್ಮ ಗಾಂಜಾ ಸುಟ್ಟುಹೋಗ್ಲಿ! ನನ್ನ ಸೊಪ್ಪು ಬಾಡ್ತಿದೆ.”

“ನಿಜ,” ಅಂದಳು ಅವಳು. “ನಿಂಗೆ ಕೋಪ ಬರೋದು ಸರಿಯೇ. ಆದ್ರೆ ನನ್ನ ಬಾಗಿಲು ತೆಗ್ದಿದೆ, ಕಾಗದ ಕೈಯಲ್ಲಿದೆ, ಮಾಲು ಮೇಜಿನ ಮೇಲಿದೆ. ಇನ್ನೇನು ಮಾಡ್ಬೇಕು ನಾನು? ತಡ ಮಾಡ್ತಿರೋರು ಒಳಗಿದ್ದಾರೆ, ಅವರನ್ನ ಕೇಳು.”

ಅವನು ಅವಳಿಗೂ ಒಂದಿಷ್ಟು ಬೈದು, ಒಳಗಿನವರಿಗೂ ಒಂದಿಷ್ಟು ಬೈದು, ವಾಪಸು ಲಾರಿ ಹತ್ತಿದ.

ಒಂದೂವರೆ ಗಂಟೆ ಕಳೆದ ಮೇಲೆ ಹಾಲ್ವರ್ಸನ್ ಹೊರಬಂದ. ಮೇಲಿನವರ ಆದೇಶ ಬಂದಿತ್ತು: ಯಾರನ್ನೂ ಬಂಧಿಸುವುದು ಬೇಡ, ಮಾಲು ಹಿಡಿದುಕೊಳ್ಳಿ, ಗುರುತು ತೆಗೆದುಕೊಳ್ಳಿ, ಸಹಿ ಹಾಕಿಸಿ, ಕಳಿಸಿ. ಒಬ್ಬೊಬ್ಬರನ್ನೇ ಕರೆದರು.

ಮೊದಲು ಎಲೋಯ್ಡಾ. ಅದೇ ಕಾಗದ, ಅದೇ ಗೆರೆ. ಅವಳು ಪೆನ್ನು ಮುಟ್ಟಲಿಲ್ಲ. ಕೀನೊ ಬಂದ, ಮುಟ್ಟಲಿಲ್ಲ. ಎರ್ಲಿಂಡಾ ಚೀಲದಿಂದ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಬೆರಳಿಟ್ಟು ಸಾಲುಸಾಲೇ ಓದಿದಳು.

“ಈ ‘ಸ್ವಇಚ್ಛೆಯಿಂದ’ ಅನ್ನೋ ಮಾತು ಹೊಡೆದುಹಾಕಿ. ಆಗ ಸಹಿ ಹಾಕ್ತೀನಿ.”

“ಅಮ್ಮ, ಇದು ಅಚ್ಚಾದ ಫಾರಂ. ಬದಲಾಯಿಸೋಕೆ ಬರಲ್ಲ,” ಅಂದ ಹಾಲ್ವರ್ಸನ್.

“ನಾನೂ ಎಪ್ಪತ್ತಾರು ವರ್ಷದ ಹಿಂದೆ ಅಚ್ಚಾದೋಳು. ನನ್ನನ್ನೂ ಬದಲಾಯಿಸೋಕೆ ಬರಲ್ಲ.”

ಹೊರಗೆ ಸಾಲಿನಲ್ಲಿ ನಿಂತಿದ್ದವರು ಗೊಳ್ಳೆಂದು ನಕ್ಕರು. ಹಾಲ್ವರ್ಸನ್ ಕೂಡ ಮೂಗು ಉಜ್ಜಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸಿದ. ಆಮೇಲೆ ಬಂದ ಏಳು ಜನರೂ ಸಹಿ ಹಾಕಲಿಲ್ಲ. ಹನ್ನೊಂದನೆಯವನು ಮುಂದೆ ಬಂದ. ಪೆನ್ನು ಎತ್ತಿಕೊಂಡ, ಎಲೋಯ್ಡಾಳ ಕಡೆ ನೋಡಿದ. ಅವಳು ಬೇಕೆಂದೇ ಬೇರೆ ಕಡೆ ನೋಡಿದಳು. ಅವನ ಸಹಿ ಅವನ ಇಷ್ಟ, ತಾನು ಕಣ್ಣಿನಿಂದ ಹಿಡಿದು ನಿಲ್ಲಿಸಬಾರದು ಅನ್ನಿಸಿತು ಅವಳಿಗೆ. ಅವನು ಪೆನ್ನು ಕೆಳಗಿಟ್ಟ.

ಬೆರಳಿನ ಗುರುತು ತೆಗೆದವನು ಎಫ್ರೆನ್. ಒಂದೊಂದೇ ಬೆರಳನ್ನು ಹಿಡಿದು ಗಾಜಿನ ಮೇಲೆ ಒತ್ತುತ್ತಾ, ತಲೆ ಎತ್ತದೆ ಪಿಸುಗುಟ್ಟಿದ: “ಮಿಸೆಸ್, ಸೇತುವೆ ದಾಟೋ ನಿಮ್ಮ ಪಾಸು ರದ್ದಾಗುತ್ತೆ. ಹೆಸರು ಆಗಲೇ ಹೋಗಿದೆ. ಮೊದಲೇ ಹೇಳ್ಬೇಕು ಅನ್ನಿಸ್ತು.”

ಗಡಿಯ ಸೇತುವೆಯಾಚೆ, ಬೇರೆ ದೇಶದ ಹುವಾರೆಸ್‌ನಲ್ಲಿ ಅವಳ ಚಿಕ್ಕಮ್ಮ ಇದ್ದಳು. ಎರಡು ವಾರಕ್ಕೊಮ್ಮೆ ಹೋಗಿ ತಲೆ ಬಾಚಿ, ಉಗುರು ಕತ್ತರಿಸಿ ಬರುತ್ತಿದ್ದಳು ಎಲೋಯ್ಡಾ. ಪಾಸು ಇದ್ದರೆ ಕಾಲು ಗಂಟೆ, ಇಲ್ಲದಿದ್ದರೆ ಬಿಸಿಲಲ್ಲಿ ಮೂರು ಗಂಟೆ. ಇದನ್ನು ಅವಳು ಎಣಿಸಿರಲಿಲ್ಲ.

“ಕ್ಯೂನಲ್ಲಿ ನಿಲ್ತೀನಿ,” ಅಂದಳು. “ನಿಲ್ಲೋದು ಅಭ್ಯಾಸ ಆಗಿದೆ ಈಗ.”

*

ಪತ್ರಿಕೆಯಲ್ಲಿ ಗುಲಾಬಿ ಬಣ್ಣದ ಗಾಡಿಯ ಚಿತ್ರ ಬಂತು. ವಾರವಿಡೀ ಸಾಂಟಾ ಫೆಯ ಕಚೇರಿಗೆ ಫೋನುಗಳು ಹೋದವು. ಕಷ್ಟ ಅರ್ಥವಾಗುತ್ತದೆ ಅಂದಿದ್ದ ಹೆಂಗಸೇ ಕೀನೊಗೆ ಕರೆ ಮಾಡಿ, ಪರೀಕ್ಷೆ ಮಾಡುವ ಒಂದು ವ್ಯಾನನ್ನೇ ಲಾಸ್ ಕ್ರೂಸೆಸ್‌ಗೆ ಕಳಿಸುವುದಾಗಿ ಹೇಳಿದಳು. ಅದು ಬಂದದ್ದು ಜೂನಿನಲ್ಲಿ. ಅಷ್ಟರಲ್ಲಿ ಕೀನೊನ ಎರಡನೇ ಹಸಿರುಮನೆಯ ಕೊಯ್ಲಿನ ಗಡುವು ಮೀರಿ, ಅದನ್ನೆಲ್ಲ ಅವನೇ ಸಲಿಕೆಯಿಂದ ಗುಂಡಿಗೆ ತಳ್ಳಿದ್ದ. ಎಲೋಯ್ಡಾ ಜೊತೆಗೆ ನಿಂತು ತಳ್ಳಿದಳು.

ಮೇ ತಿಂಗಳಲ್ಲಿ ಕ್ಷಿಪಣಿ ನೆಲೆಯವರು ರಾಮಿರೊನನ್ನು ಕರೆದು ಒಂದು ಫಾರಂ ಕೊಟ್ಟಿದ್ದರು. ‘ನಿಮ್ಮ ಮನೆಯವರಲ್ಲಿ ಯಾರಾದರೂ ಮಾದಕ ವಸ್ತುವಿನ ಸಾಗಣೆಯಲ್ಲಿ ತೊಡಗಿದ್ದಾರೆಯೇ?’ ಅವನು ಅದನ್ನು ಮನೆಗೆ ತಂದು ಮೇಜಿನ ಮೇಲಿಟ್ಟು, ಅನ್ನ ಬೇಯುವಷ್ಟು ಹೊತ್ತು ನೋಡುತ್ತ ಕೂತ. ಎಲೋಯ್ಡಾ ಎದುರಿಗೆ ಕೂತಳು.

“ಬೇಡ ಅಂದ್ರೆ ಬಿಡ್ತೀನಿ,” ಅಂದಳು. ಮೊದಲ ಸಲ ಹಾಗಂದದ್ದು. “ನಿನ್ನ ಹದಿನಾಲ್ಕು ತಿಂಗಳು ನಂಗೂ ಮುಖ್ಯ.”

ರಾಮಿರೊ ಪೆನ್ನಿನ ಮುಚ್ಚಳ ತೆಗೆದ. ‘ಇಲ್ಲ,’ ಎಂದು ಬರೆದ. ಅದರ ಕೆಳಗೆ, ದೊಡ್ಡ ಅಕ್ಷರದಲ್ಲಿ: ‘ನನ್ನ ಹೆಂಡತಿ ನ್ಯೂ ಮೆಕ್ಸಿಕೊ ರಾಜ್ಯದ ಪರವಾನಗಿ ಇರುವ ಡ್ರೈವರು.’

“ನೀನೇ ಹೇಳಿಕೊಟ್ಟಿದ್ದು,” ಅಂದ. “ಏನಾಗುತ್ತೋ ಆಗ್ಲಿ.”

ಆದದ್ದು ಇಷ್ಟು: ಅವನನ್ನು ಬೇಲಿಯೊಳಗಿನ ಕೆಲಸದಿಂದ ತೆಗೆದು, ಹೊರಗಿನ ನೌಕರರ ವಸತಿಯ ನಲ್ಲಿ ರಿಪೇರಿಗೆ ಹಾಕಿದರು. ಇಪ್ಪತ್ತಾರು ವರ್ಷದ ಕೈಚಳಕಕ್ಕೆ ಅದೊಂದು ಅವಮಾನವೇ. ಅವನು ಗೊಣಗುತ್ತ ದಿನಾ ಹೋದ. ಶೆಡ್ಡಿನಲ್ಲಿ ಬಟ್ಟೆ ಬದಲಿಸುವ ನಿಯಮವನ್ನು ಮಾತ್ರ ಬಿಡಲಿಲ್ಲ.

ಪರೀಕ್ಷೆ ಇಲ್ಲೇ ಆಗತೊಡಗಿದರೂ ಉತ್ತರದ ಅಂಗಡಿಗಳಿಗೆ ಮಾಲು ಹೋಗಲೇಬೇಕು, ಹೆದ್ದಾರಿ ಅದೇ, ಠಾಣೆಯೂ ಅಲ್ಲೇ. ಎಲೋಯ್ಡಾ ಪ್ರತಿ ಮಂಗಳವಾರ ಹೋಗುತ್ತಾಳೆ. ಕೆಲವು ಸಲ ಕೈಬೀಸಿ ಬಿಡುತ್ತಾರೆ, ಕೆಲವು ಸಲ ತೆಗೆದುಕೊಳ್ಳುತ್ತಾರೆ. ಈವರೆಗೆ ನಾಲ್ಕು ಸಲ ತೆಗೆದುಕೊಂಡಿದ್ದಾರೆ. ನಾಲ್ಕು ಸಲವೂ ಆ ಗೆರೆ ಖಾಲಿಯೇ ಉಳಿದಿದೆ. ಎಫ್ರೆನ್‌ಗೆ ಬೇರೆ ಕಡೆ ವರ್ಗವಾಗಿದೆ. ಅವನೇ ಕೇಳಿಕೊಂಡದ್ದು ಎಂದು ಅವನ ತಾಯಿ ಇಗರ್ಜಿಯಲ್ಲಿ ಹೇಳಿದಳು.

ಕಳೆದ ಸಲ ಹಿಡಿದವನು ಹೊಸಬ. ಫಾರಂ ತೆಗೆದು ಹೆಸರಿನ ಜಾಗ ತುಂಬುತ್ತ, “ನಿಮ್ಮ ವಿಷಯ ಹೇಳಿದ್ದಾರೆ ನಂಗೆ. ಸಹಿ ಹಾಕಲ್ವಂತೆ,” ಅಂದ.

“ಸರಿಯಾಗೇ ಹೇಳಿದ್ದಾರೆ,” ಅಂದಳು ಎಲೋಯ್ಡಾ, ಅವನ ಭುಜದ ಮೇಲಿಂದ ಬಗ್ಗಿ ಕಾಗದ ನೋಡುತ್ತ. “ಆದ್ರೆ ಹೆಸರು ತಪ್ಪು ಬರೀತಿದ್ದೀಯ. ಹೊಡೆದುಹಾಕಿ ಇನ್ನೊಂದ್ಸಲ ಬರಿ. ನಾನು ಹೇಳ್ತೀನಿ, ನಿಧಾನಕ್ಕೆ.”